ಬಿಳಿ ಹಾಳೆಯ ಅಜ್ಜಿ

ಒಳ್ಳೆಯ ಮಕ್ಕಳ ಪುಸ್ತಕ ಯಾವುದು, ಕೆಟ್ಟದ್ದು ಯಾವುದು ಎಂದು ಈವರೆಗೆ ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. ಒಳ್ಳೆಯದು ಹರಿದುಕೊಂಡು ನನ್ನ ಮೇಜಿಗೆ ಬರುತ್ತದೆ. ಕೆಟ್ಟದ್ದು ಕಪಾಟಿನಲ್ಲೇ ನಿಂತು, ಮೈಮೇಲೆ ಒಂದು ಗೀರೂ ಬೀಳದೆ, ಹೊಸದಾಗಿಯೇ ಮುದಿಯಾಗುತ್ತದೆ. ನಾನು ಊರಿನ ಲೈಬ್ರರಿಯಲ್ಲಿ ಪುಸ್ತಕ ರಿಪೇರಿ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಮೆಟ್ಟಿಲ ಕೆಳಗಿನ ಅದೇ ಕೋಣೆ, ಒಂದು ಕಿಟಕಿ, ಪುಸ್ತಕ ಒತ್ತುವ ಒಂದು ಕಬ್ಬಿಣದ ಯಂತ್ರ, ಅಂಟಿನ ಡಬ್ಬಿ, ನೂಲಿನ ಉಂಡೆ. ಓದುಗರು ಪುಸ್ತಕಕ್ಕೆ ಏನೇನು ಮಾಡುತ್ತಾರೆ ಎಂದು ನೋಡಿ ನೋಡಿ ಮನುಷ್ಯರ ಮೇಲೆ ನನಗೆ ಗೌರವ ಸ್ವಲ್ಪ ಕಡಿಮೆ. ಮಕ್ಕಳ ಮೇಲೆ ಮಾತ್ರ ಉಳಿದಿದೆ. ಮಕ್ಕಳು ಪುಟ ಹರಿಯುವುದು ಪ್ರೀತಿ ಹೆಚ್ಚಾಗಿ, ದೊಡ್ಡವರು ಹರಿಯುವುದು ಜೇಬಿಗೆ ಹಾಕಿಕೊಳ್ಳುವುದಕ್ಕೆ.

ಆದರೆ ಇದು ನನ್ನ ಕಥೆಯಲ್ಲ, ನನ್ನ ನಾದಿನಿಯದು. ಹೆಂಡತಿಯ ತಂಗಿ ಅವಳು, ನಮ್ಮ ಜೊತೆಯಲ್ಲೇ, ಮಹಡಿಯ ಕೋಣೆಯಲ್ಲಿ ಇರುತ್ತಾಳೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಕೈಯಲ್ಲಿರೋ ಪುಸ್ತಕ ಮುಗೀಲಿ ಅಂತಿದ್ದೆ" ಎನ್ನುತ್ತಾಳೆ. ಈಗ ಐವತ್ತಾರು. ಲೈಬ್ರರಿಯ ಮೊದಲ ಮಹಡಿಯ ಮಕ್ಕಳ ವಿಭಾಗ ಅವಳದು. ನನಗೆ ಈ ಕೆಲಸ ಕೊಡಿಸಿದವಳೂ ಅವಳೇ, ಅದನ್ನು ವಾರಕ್ಕೊಮ್ಮೆ ನೆನಪಿಸುವವಳೂ ಅವಳೇ. ಮಕ್ಕಳು ಅವಳನ್ನು ಕಥೆ ಅತ್ತೆ ಎಂದು ಕರೆಯುತ್ತಾರೆ. ಆ ಮಕ್ಕಳಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು, ಅವರೂ ಅವಳನ್ನು ಅತ್ತೆ ಎನ್ನುತ್ತಾರೆ. ಹಾಗಾಗಿ ಆ ಕೋಣೆಯಲ್ಲಿ ಸಂಬಂಧದ ಲೆಕ್ಕ ಯಾರಿಗೂ ಸರಿಯಾಗಿ ಸಿಗುವುದಿಲ್ಲ.

ಅವಳು ಓದುವುದು ತಲೆಕೆಳಗಾಗಿ. ತಮಾಷೆಗೆ ಹೇಳುತ್ತಿಲ್ಲ. ಕಥೆ ಹೇಳುವಾಗ ಪುಸ್ತಕದ ಮುಖ ಮಕ್ಕಳ ಕಡೆಗಿರಬೇಕು. ಬೇರೆಯವರು ಪುಟ ಓದುತ್ತಾರೆ, ತಿರುಗಿಸಿ ತೋರಿಸುತ್ತಾರೆ, ಮತ್ತೆ ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನ ಮಗು ಮುಂದಿನ ಸಾಲಿನ ಮಗುವಿನ ಕೂದಲು ಎಳೆದಾಗಿರುತ್ತದೆ. ನಾದಿನಿ ಪುಸ್ತಕವನ್ನು ಮಡಿಲಲ್ಲಿ ಓರೆಯಾಗಿ, ಮಕ್ಕಳ ಕಡೆ ಮುಖಮಾಡಿ ಇಟ್ಟು, ಮೇಲಂಚಿನಿಂದ ಬಗ್ಗಿ, ಅಕ್ಷರಗಳನ್ನು ತಲೆಕೆಳಗಾಗಿಯೇ ಗಡಗಡನೆ ಓದುತ್ತಾಳೆ. ಈ ಅಭ್ಯಾಸ ಮನೆಗೂ ಬಂದಿದೆ. ಬೆಳಿಗ್ಗೆ ನಾನು ಪೇಪರ್ ಹಿಡಿದು ಕೂತರೆ ಎದುರಿನ ಕುರ್ಚಿಯಿಂದಲೇ ಅದನ್ನು ಓದಿ, ನಾನು ಸುದ್ದಿಯ ಮಧ್ಯದಲ್ಲಿರುವಾಗ "ಕೊನೆಗೆ ಅವನು ಸಿಕ್ಕಿಹಾಕ್ಕೊಂಡ ಭಾವ" ಎಂದು ಹೇಳಿಬಿಡುತ್ತಾಳೆ.

ಪುಸ್ತಕ ಆಯುವ ಅವಳ ರೀತಿಯೂ ಇದಕ್ಕೆ ಹೊಂದಿಕೊಂಡದ್ದೇ. ವ್ಯಾಪಾರಿ ಕಳಿಸಿದ ಪೆಟ್ಟಿಗೆ ಬಿಚ್ಚಿ, ಬಾಗಿಲು ಹಾಕಿ, ಆರು ಪುಟ್ಟ ಕುರ್ಚಿಗಳನ್ನು ಸಾಲಾಗಿ ಇಟ್ಟು, ಆ ಖಾಲಿ ಕುರ್ಚಿಗಳಿಗೆ ಒಂದೊಂದೇ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮುಗಿದ ಮೇಲೆ ಮೂರು ರಾಶಿ: ಸರಿ, ಸಂಶಯ, ವಾಪಸ್. ಸಂಶಯದ ರಾಶಿ ಶನಿವಾರ ಮಕ್ಕಳ ಮುಂದೆ ಹೋಗುತ್ತಿತ್ತು, ಅವರು ಆಕಳಿಸಿದರೆ ವಾಪಸ್. ಸರಿ ಎಂದ ಪುಸ್ತಕದೊಳಗೆ ಒಂದು ಚೀಟಿ ಇಡುತ್ತಿದ್ದಳು. ಅದರಲ್ಲಿ ಎರಡೇ ಮಾತು: "ನೋಡಿದ್ದೇನೆ. ತೆಗೆದುಕೊಳ್ಳಬಹುದು." ಕೆಳಗೆ ಸಹಿ.

ಆ ಮೊದಲ ಮಾತಿಗೆ ಒಂದು ಹಿನ್ನೆಲೆ ಇದೆ. ಅವಳಿಗಿಂತ ಮುಂಚೆ ಆಯ್ಕೆಯ ಕೆಲಸ ಒಬ್ಬ ಹಿರಿಯರದ್ದಾಗಿತ್ತು. ಒಳ್ಳೆಯ ಮನುಷ್ಯ, ಹುಟ್ಟಾ ಸೋಮಾರಿ. ಪೆಟ್ಟಿಗೆಯನ್ನೇ ಬಿಚ್ಚದೆ, ಪಟ್ಟಿ ನೋಡಿ ಸಹಿ ಹಾಕುತ್ತಿದ್ದರು. ಒಂದು ಸಲ ಮಕ್ಕಳ ವಿಭಾಗಕ್ಕೆ ದಂತವೈದ್ಯರ ಪಠ್ಯಪುಸ್ತಕ ಬಂದು ಕೂತಿತು. ಮುಖಪುಟದಲ್ಲಿ ನಗುವ ಬಾಯಿ ಇತ್ತಲ್ಲ, ಅದಕ್ಕೆ. ಆಗ ಕೇವಲ ಸಹಾಯಕಿಯಾಗಿದ್ದ ನನ್ನ ನಾದಿನಿ ಸಭೆಯಲ್ಲಿ ಎದ್ದು ನಿಂತು, "ನೋಡದೆ ಇರೋ ಪುಸ್ತಕಕ್ಕೆ ಸಹಿ ಹಾಕೋರು ಆ ಕುರ್ಚೀಲಿ ಕೂರಬಾರದು" ಎಂದಳು. ಮುಖಕ್ಕೆ ಹೊಡೆದ ಹಾಗೆ. ಹಿರಿಯರನ್ನು ಹಳೆಯ ಪತ್ರಿಕೆಗಳ ಕೋಣೆಗೆ ಹಾಕಿದರು, ಕುರ್ಚಿ ಇವಳಿಗೆ ಬಂತು. ಇಪ್ಪತ್ತೊಂದು ವರ್ಷ ಅವಳು ಅದರಲ್ಲಿ ಕೂತದ್ದು ಆ ಒಂದು ಮಾತಿನ ಮೇಲೆ.

ಇನ್ನು ಕೊರಿಯಾದ ವಿಷಯಕ್ಕೆ ಬರುತ್ತೇನೆ. ಆ ವರ್ಷ ದೊಡ್ಡ ಚಳಿಗಾಲದ ಆಟಗಳು ಕೊರಿಯಾದಲ್ಲಿ ನಡೆಯುವುದಿತ್ತು. ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: ಪ್ರತಿ ಲೈಬ್ರರಿಯೂ ಕೊರಿಯಾದ ಸಂಸ್ಕೃತಿ ಮತ್ತು ಚಳಿಗಾಲದ ಆಟಗಳ ಬಗ್ಗೆ ಹನ್ನೆರಡು ಚಿತ್ರಪುಸ್ತಕ ಆಯ್ದು, ಹತ್ತು ದಿನದಲ್ಲಿ ಪಟ್ಟಿ ಕಳಿಸತಕ್ಕದ್ದು. ನಮ್ಮ ಊರಲ್ಲಿ ಹಿಮ ಬೀಳುವುದಿಲ್ಲ. ನಾನು ಕಂಡ ಮಂಜುಗಡ್ಡೆಯೆಲ್ಲ ಲೋಟದೊಳಗಿನದು. ಲೈಬ್ರರಿಯ ಮುಖ್ಯಸ್ಥರು ಸುತ್ತೋಲೆಯನ್ನು ನಾದಿನಿಯ ಕೈಗಿಟ್ಟು, "ನೀವಿದ್ದೀರಲ್ಲ" ಎಂದು ಹೋದರು. ಅವರು ಎಲ್ಲ ಕೆಲಸವನ್ನೂ ಹೀಗೆಯೇ ಮಾಡಿ ಮುಗಿಸುತ್ತಾರೆ.

ಎರಡು ಪೆಟ್ಟಿಗೆಯಲ್ಲಿ ನಲವತ್ತೊಂದು ಪುಸ್ತಕ ಬಂದವು. ಮಧ್ಯಾಹ್ನ ಅಂಟು ಒಣಗುವ ಹೊತ್ತಿನಲ್ಲಿ ನಾನು ಮೇಲೆ ಹೋಗಿ ಖಾಲಿ ಕುರ್ಚಿಗಳ ಹಿಂದೆ ನಿಂತು ಕೇಳುತ್ತಿದ್ದೆ. ಮೊದಲ ಪುಸ್ತಕದಲ್ಲಿ ರೇಷ್ಮೆ ಬಟ್ಟೆಯ ಒಂದು ಮಗು ಪುಟಪುಟಕ್ಕೂ ಬಗ್ಗಿ ನಮಸ್ಕರಿಸುತ್ತಿತ್ತು, ಬೀಸಣಿಗೆ ಹಿಡಿದು ಕುಣಿಯುತ್ತಿತ್ತು, ಡೋಲು ಬಾರಿಸುತ್ತಿತ್ತು.

"ಇಷ್ಟು ಪುಟದಲ್ಲಿ ಒಂದು ಸಲಾನೂ ಮೂಗು ಒರೆಸ್ಕೊಂಡಿಲ್ಲ. ಇದು ಮಗು ಅಲ್ಲ ಭಾವ, ಸ್ವಾಗತ ಸಮಿತಿ" ಎಂದು ನಾದಿನಿ ಅದನ್ನು ವಾಪಸ್ ರಾಶಿಗೆ ಹಾಕಿದಳು.

ಐದು ಕರಡಿಗಳು ಸ್ಕೀ ಕಲಿಯುವ ಪುಸ್ತಕವೂ ಅದೇ ದಾರಿ ಹಿಡಿಯಿತು. ಅದರಲ್ಲಿ ಯಾವ ಕರಡಿಯೂ ಬೀಳುವುದಿಲ್ಲ, ಎಲ್ಲವೂ ಗುರುಗಳ ಮಾತು ಕೇಳುತ್ತವೆ. ಆದರೆ ಕೋಸಿನ ಉಪ್ಪಿನಕಾಯಿ ಹಾಕುವ ಒಂದು ಪುಸ್ತಕ ಅವಳಿಗೆ ಹಿಡಿಸಿತು. ಮನೆಮಂದಿಯೆಲ್ಲ ಅಂಗಳದಲ್ಲಿ ಕೂತು ಕೋಸಿಗೆ ಖಾರ ಮೆತ್ತುತ್ತಿರುವಾಗ ಹುಡುಗಿಯ ಮೂಗು ತುರಿಸತೊಡಗುತ್ತದೆ, ಎರಡೂ ಕೈ ಖಾರ. ಹನ್ನೊಂದು ಪುಟ ಬರೀ ಆ ಮೂಗಿನ ಪಾಡು. ನಾದಿನಿ ಓದುತ್ತ ತನ್ನ ಮೂಗನ್ನೂ ತುರಿಸಿಕೊಂಡಳು, ಅದು ಸರಿ ರಾಶಿಗೆ ಹೋಯಿತು. ಮೊದಲ ಹುಟ್ಟುಹಬ್ಬದ ಮಗುವಿನ ಮುಂದೆ ನೂಲು, ಕುಂಚ, ಪುಸ್ತಕ ಎಲ್ಲ ಇಟ್ಟು, ಯಾವುದಕ್ಕೆ ಕೈಹಾಕುತ್ತದೋ ಎಂದು ಕಾಯುವ ಪದ್ಧತಿ ಆ ದೇಶದಲ್ಲಿದೆಯಂತೆ. ಆ ಪುಸ್ತಕದ ಮಗು ಯಾವುದನ್ನೂ ಮುಟ್ಟದೆ ಮೇಜಿನ ಬಟ್ಟೆಯನ್ನೇ ಎಳೆದು ಎಲ್ಲವನ್ನೂ ಉರುಳಿಸಿತು. "ನನ್ನ ಹಾಗೆ ಆಯ್ಕೆ ಕೆಲಸಕ್ಕೆ ಹುಟ್ಟಿದ ಮಗು" ಎಂದಳು. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಅದರ ಮುಂದೆ ಪೊರಕೆ ಹಿಡಿದು ಗುಡಿಸುವ ಆಟದ ಪುಸ್ತಕವನ್ನು ಅಕ್ಕನಿಗೆ ತೋರಿಸಲು ಮನೆಗೆ ತಂದಳು. ನನ್ನ ಹೆಂಡತಿ ಎಲ್ಲ ಪುಟ ನೋಡಿ, "ಮೂವತ್ತು ವರ್ಷದಿಂದ ಗುಡಿಸ್ತಿದೀನಿ, ಈ ಮನೇಲಿ ಯಾರೂ ಚಪ್ಪಾಳೆ ತಟ್ಟಿಲ್ಲ" ಎಂದಳು. ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಆರನೆಯ ದಿನಕ್ಕೆ ಹನ್ನೊಂದು ಪುಸ್ತಕ ಸಿಕ್ಕಿದ್ದವು. ಹನ್ನೆರಡನೆಯದು ಸಿಗಲಿಲ್ಲ. ಸಂಶಯದ ರಾಶಿಯಲ್ಲಿ ನಾಲ್ಕು ಇದ್ದವು, ನಾಲ್ಕೂ ಸಪ್ಪೆ.

ಅವತ್ತು ಮಧ್ಯಾಹ್ನ ಅವಳು ಒಂದು ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ನನ್ನ ಕೋಣೆಗೆ ಇಳಿದು ಬಂದಳು. ಸಿಟ್ಟಾಗಿದ್ದಳು.

"ಭಾವ, ಇದನ್ನ ನೋಡಿ. ಚೆನ್ನಾಗಿ ಶುರುವಾಗುತ್ತೆ. ಹೆಪ್ಪುಗಟ್ಟಿದ ಗದ್ದೆ ಮೇಲೆ ಒಂದು ಹುಡುಗಿ ಕೆಂಪು ಹಲಗೆ ಬಂಡಿ ಮೇಲೆ ಕೂತು, ಎರಡು ಕೋಲಲ್ಲಿ ತಳ್ಕೊಂಡು ಆಡ್ತಾಳೆ. ದೂರ ದೂರ ಹೋಗ್ತಾಳೆ. ಹಿಮ ಬೀಳೋಕೆ ಶುರುವಾಗುತ್ತೆ. 'ಅಜ್ಜಿ ಎಲ್ಲಿ?' ಅಂತ ತಿರುಗಿ ನೋಡ್ತಾಳೆ. ಆಮೇಲೆ ಎರಡು ಪುಟ ಅಚ್ಚೇ ಆಗಿಲ್ಲ! ಖಾಲಿ! ಅದರ ಮುಂದಿನ ಪುಟದಲ್ಲಿ 'ಅಜ್ಜಿ ಅಲ್ಲೇ ಇದ್ದಳು' ಅಂತಿದೆ. ಎಲ್ಲಿದ್ದಳು? ಅಷ್ಟು ಒಳ್ಳೆ ಪುಸ್ತಕಾನ ಪ್ರೆಸ್ಸಿನೋರು ಹಾಳು ಮಾಡಿದಾರೆ. ಅಚ್ಚಿನ ದೋಷ ಅಂತ ಬರೆದು ವಾಪಸ್ ಕಳಿಸಿ."

ಅಚ್ಚಿನ ದೋಷ ಪರೀಕ್ಷಿಸಿ ಬರೆದುಕೊಡುವುದು ನನ್ನ ಕೆಲಸ. ಪುಟ ಬಿಟ್ಟುಹೋದದ್ದು, ತಿರುವುಮುರುವು ಹೊಲಿದದ್ದು, ಖಾಲಿ ಉಳಿದದ್ದು. ಪುಸ್ತಕ ತೆಗೆದು ಆ ಜೋಡಿ ಪುಟವನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ಅಜ್ಜಿ ಅಲ್ಲೇ ಇದ್ದಳು.

ಬಿಳಿ ಹಾಳೆ, ಬಿಳಿ ಹಿಮ, ಬಿಳಿ ಬಟ್ಟೆ, ಬಿಳಿ ಕೂದಲು. ಕಂಕುಳಲ್ಲಿ ಕುಂಬಳಕಾಯಿಯಷ್ಟು ದುಂಡಗಿನ ಒಂದು ಬಿಳಿ ಜಾಡಿ. ಇಷ್ಟನ್ನೂ ಚಿತ್ರ ಬರೆದವರು ಹಾಲಿಗಿಂತ ಒಂಚೂರು ಮಾತ್ರ ಕಂದಿದ ಬೂದು ಗೆರೆಯಲ್ಲಿ ಬರೆದಿದ್ದರು. ಎರಡು ಪುಟದ ತುಂಬ ಅಜ್ಜಿ ಒಬ್ಬಳೇ ನಿಂತಿದ್ದಳು. ಥಟ್ಟನೆ ಕಾಣುವುದಿಲ್ಲ, ಕಂಡಮೇಲೆ ಬೇರೇನೂ ಕಾಣುವುದಿಲ್ಲ. ಆ ನಲವತ್ತೊಂದರಲ್ಲಿ ಅಂಥ ಪುಸ್ತಕ ಇನ್ನೊಂದಿರಲಿಲ್ಲ.

ನಾನು ತಲೆ ಎತ್ತಿ ನಾದಿನಿಯನ್ನು ನೋಡಿದೆ. ಅವಳು ಆ ಪುಟವನ್ನೇ ನೋಡುತ್ತಿದ್ದಳು, ನನಗಿಂತ ಒಂದು ಮೊಳ ದೂರದಿಂದ, ಅದೇ ಬೆಳಕಿನಲ್ಲಿ. "ಖಾಲಿ ಅಲ್ವಾ?" ಎಂದಳು.

"ಹ್ಞೂಂ" ಎಂದೆ.

ಯಾಕೆ ಹಾಗೆಂದೆ ಎಂದು ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ. ಬೇರೆಯವರ ವಿಷಯದಲ್ಲಿ ನನ್ನ ನಾಲಗೆ ಕತ್ತರಿ. ಇಲ್ಲಿ ಮಾತ್ರ ಅದು ಮೊಂಡಾಯಿತು. ಅವಳು ಮೆಟ್ಟಿಲು ಹತ್ತಿ ಹೋದಳು. ಪ್ರತಿ ಮೆಟ್ಟಿಲನ್ನೂ ಪಾದದಿಂದ ತಡವಿ ಹತ್ತುತ್ತಿದ್ದಾಳೆ ಎಂಬುದು ಅವತ್ತು ನನ್ನ ಕಿವಿಗೆ ಬಿತ್ತು.

ಒಂದು ಕಂಡಿತೆಂದರೆ ಉಳಿದದ್ದೂ ಕಾಣತೊಡಗುತ್ತದೆ. ಆರು ತಿಂಗಳ ಹಿಂದೆ ಅವಳು ಬಿಳಿ ಲೋಟಕ್ಕೆ ಹಾಲು ಬಗ್ಗಿಸುತ್ತ ಮೇಜೆಲ್ಲ ಹರಿಸಿದಾಗ, "ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ನಾನೇ ರೇಗಿದ್ದೆ. ಅದಾದ ಮೇಲೆ ಮನೆಯಲ್ಲಿ ಬಿಳಿ ಲೋಟಗಳು ಕಾಣೆಯಾಗಿ ಕಂದು ಲೋಟಗಳು ಬಂದಿದ್ದವು. ನಾನು ದಿನಾ ಅದರಲ್ಲೇ ಕುಡಿಯುತ್ತಿದ್ದೆ, ಒಂದು ದಿನವೂ ಯಾಕೆಂದು ಕೇಳಿರಲಿಲ್ಲ.

ಅವತ್ತು ಸಂಜೆ ನಾದಿನಿ ಮೇಲಿನ ಕೋಣೆಯಲ್ಲಿದ್ದಾಗ ಹೆಂಡತಿಯನ್ನು ಕೇಳಿದೆ. ಅವಳು ಮಡಿಸುತ್ತಿದ್ದ ಬಟ್ಟೆ ಬಿಟ್ಟು ನನ್ನ ಪಕ್ಕ ಬಂದು ಕೂತಳು.

"ಕಣ್ಣಿನ ನರ ಸೋತಿದೆಯಂತೆ. ಡಾಕ್ಟ್ರು ಔಷಧಿ ಕೊಟ್ಟಿದಾರೆ. ಹೋಗಿದ್ದು ಬರಲ್ಲ, ಇರೋದನ್ನ ಉಳಿಸ್ಕೋಬಹುದು ಅಂದ್ರು. ಕಪ್ಪು ಅಕ್ಷರ ಚೆನ್ನಾಗೇ ಕಾಣುತ್ತೆ ಅವಳಿಗೆ. ತೆಳು ಬಣ್ಣ, ಬಿಳಿ ಮೇಲೆ ಬಿಳಿ, ಅಂಥದ್ದೇ ಕಷ್ಟ."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಬಾಯಿ ಡಂಗುರ. ಅವಳೇ ಬೇಡ ಅಂದ್ಲು. ಕೆಲಸಕ್ಕೇನೂ ತೊಂದರೆ ಇಲ್ಲ, ಓದೋಕೆ ಬರುತ್ತಲ್ಲ ಅಂದ್ಲು."

ಅವಳು ಹಾಗೆ ನಂಬಿದ್ದಳು, ಸುಳ್ಳು ಹೇಳಿರಲಿಲ್ಲ. ಕಾಣದೆ ಇರುವುದು ಕಾಣುತ್ತಿಲ್ಲ ಎಂದು ಯಾರಿಗೆ ತಾನೇ ಗೊತ್ತಾಗುತ್ತದೆ? ಬಿಳಿ ಪುಟ ಅವಳಿಗೆ ಬಿಳಿ ಪುಟವೇ. ಹಿಮದ ಪುಸ್ತಕಗಳ ಪೆಟ್ಟಿಗೆ ಬರದೆ ಇದ್ದಿದ್ದರೆ ಕೆಲಸಕ್ಕೇ ತೊಂದರೆಯಾಗುತ್ತಿದೆ ಎಂಬುದು ಇನ್ನೂ ಎರಡು ವರ್ಷ ಯಾರಿಗೂ ತಿಳಿಯುತ್ತಿರಲಿಲ್ಲ, ಅವಳಿಗೂ.

ನನ್ನ ಮುಂದೆ ಎರಡು ದಾರಿಯಿದ್ದವು. ಅಚ್ಚಿನ ದೋಷ ಎಂದು ಬರೆದರೆ ಅವಳ ಕುರ್ಚಿ ಉಳಿಯುತ್ತದೆ, ಒಳ್ಳೆಯ ಪುಸ್ತಕ ಹೋಗುತ್ತದೆ, ನಾನು ಸುಳ್ಳು ಬರೆದಂತಾಗುತ್ತದೆ. ನಿಜ ಹೇಳಿದರೆ ಇಪ್ಪತ್ತೊಂದು ವರ್ಷದ ಹಿಂದೆ ಅವಳೇ ಆಡಿದ ಮಾತು ಅವಳ ತಲೆಯ ಮೇಲೆ ಬೀಳುತ್ತದೆ. ಅವಳು ಅಂಥ ಮಾತನ್ನು ಕಾಲಡಿಯಿಂದ ಸರಿಸಿ ದಾಟಿಹೋಗುವವಳಲ್ಲ. ಎರಡು ದಿನ ಪುಸ್ತಕವನ್ನು ಒತ್ತುಯಂತ್ರದ ಹಿಂದೆ ಇಟ್ಟುಕೊಂಡು ಕೂತೆ. ಮೂರನೆಯ ದಿನ ಶನಿವಾರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು ಮಾಡುವುದನ್ನೇ ಮಾಡಿದೆ. ಬೆಳಿಗ್ಗೆ ಬೇಗ ಹೋಗಿ ಪುಸ್ತಕವನ್ನು ಸಂಶಯದ ರಾಶಿಯ ನಡುವೆ ತೂರಿಸಿ ಬಂದೆ. ಮಕ್ಕಳ ಮುಂದೆ ತೆರೆದಾಗ ಹೇಗೋ ಸರಿಹೋಗುತ್ತದೆ ಎಂದುಕೊಂಡೆ. ಹೇಗೆ ಎಂದು ಯೋಚಿಸಲಿಲ್ಲ. ಹೇಡಿಗಳು ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಹತ್ತು ಗಂಟೆಗೆ ಹದಿನೇಳು ಮಕ್ಕಳು ಕೂತಿದ್ದವು. ನಾನು ಬಾಗಿಲ ಬಳಿ ಕಪಾಟಿನ ಹಲಗೆ ಸರಿಮಾಡುವ ನೆಪದಲ್ಲಿ ನಿಂತಿದ್ದೆ. ಮೊದಲ ಎರಡು ಪುಸ್ತಕಕ್ಕೆ ಆಕಳಿಕೆ ಬಂತು. ಮೂರನೆಯದು ಕೈಗೆ ಬಂದಾಗ ನಾದಿನಿಯ ಹುಬ್ಬು ಒಂದು ಗಳಿಗೆ ಗಂಟಾಯಿತು. ಮಕ್ಕಳು ಕಾಯುತ್ತಿದ್ದವು, ಅವಳು ಓದಲು ಶುರು ಮಾಡಿದಳು. ಕೆಂಪು ಬಂಡಿ, ಎರಡು ಕೋಲು, ಹೆಪ್ಪುಗಟ್ಟಿದ ಗದ್ದೆ. ಮಕ್ಕಳು ಮುಂದೆ ಮುಂದೆ ಜರುಗಿ ಬಂದವು. ಹಿಮ ಬೀಳತೊಡಗಿತು. "ಅಜ್ಜಿ ಎಲ್ಲಿ?" ಎಂದು ಓದಿ ಅವಳು ಪುಟ ತಿರುಗಿಸಿದಳು.

"ಈ ಎರಡು ಪುಟ ಅಚ್ಚಾಗಿಲ್ಲ ಮಕ್ಕಳೇ. ಪ್ರೆಸ್ಸಿನೋರು ಮರ್ತಿದಾರೆ. ಮುಂದಕ್ಕೆ ಹೋಗೋಣ."

"ಅತ್ತೆ, ಅಜ್ಜಿ ಇದಾಳೆ!" ಎಂದಳು ಮುಂದಿನ ಸಾಲಿನ, ಎರಡು ಹಲ್ಲು ಬಿದ್ದ ಹುಡುಗಿ.

"ಮುಂದಿನ ಪುಟದಲ್ಲಿ ಬರ್ತಾಳೆ ಕಣೇ."

"ಇಲ್ಲ, ಇಲ್ಲೇ ಇದಾಳೆ! ಎಷ್ಟು ದೊಡ್ಡ ಅಜ್ಜಿ!"

ಅಷ್ಟರಲ್ಲಿ ಹದಿನೇಳೂ ಕಿರುಚತೊಡಗಿದವು. ಇದಾಳೆ, ಅಲ್ಲಿ, ಅವಳ ಕೈ, ಅವಳ ಮಡಕೆ. ನಾದಿನಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳು ಮಕ್ಕಳ ಮುಂದೆ ಹಾಗೆ ತಿರುಗಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ತಂದಳು, ದೂರ ಹಿಡಿದಳು, ಕಿಟಕಿಯ ಕಡೆ ವಾಲಿಸಿದಳು. ಆಮೇಲೆ ತಲೆ ಎತ್ತಿ ಸೀದಾ ನನ್ನನ್ನು ನೋಡಿದಳು. ನಾನು ಇಂಗು ತಿಂದ ಮಂಗನ ಹಾಗೆ ಹಲಗೆ ಹಿಡಿದುಕೊಂಡು ನಿಂತಿದ್ದೆ.

ಆ ಹೊತ್ತಿನಲ್ಲಿ ಅವಳು ಪುಸ್ತಕ ಮುಚ್ಚಿಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಅದನ್ನು ಮತ್ತೆ ಮಕ್ಕಳ ಕಡೆ ತಿರುಗಿಸಿ ನೆಲದ ಮೇಲೆ ಬಿಡಿಸಿಟ್ಟು, ತಾನೂ ಕುರ್ಚಿ ಬಿಟ್ಟು ನೆಲಕ್ಕಿಳಿದು ಕೂತಳು.

"ನಂಗೆ ಕಾಣಿಸ್ತಿಲ್ಲ. ಎಲ್ಲಿದಾಳೆ, ತೋರಿಸಿ. ಒಬ್ಬೊಬ್ರೇ."

ಹಲ್ಲು ಬಿದ್ದ ಹುಡುಗಿ ಬೆರಳಿಟ್ಟು ತೋರಿಸಿದಳು. ಇದು ತಲೆ. ಇದು ತುರುಬು. ಇನ್ನೊಂದು ಮಗು ಜಾಡಿಯ ಸುತ್ತ ಬೆರಳು ಎಳೆಯಿತು. "ಅದರೊಳಗೆ ಏನಿದೆ?" ಎಂದು ನಾದಿನಿ ಕೇಳಿದಳು, ಏಳು ಉತ್ತರ ಬಂದವು. ಅಜ್ಜಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಕೇಳಿದಳು, ಅದಕ್ಕೆ ಜಗಳವೇ ಆಯಿತು. ಚಳಿಗೆ ಮೂಗು ಹೀಗಾಗಿದೆ ಎಂದು ಒಬ್ಬ ಹುಡುಗ ತನ್ನ ಮೂಗನ್ನೇ ಮಡಚಿ ತೋರಿಸಿದ. ಮುಕ್ಕಾಲು ಗಂಟೆ ಎರಡೇ ಪುಟ. ಇಪ್ಪತ್ತೆಂಟು ವರ್ಷದಲ್ಲಿ ನಾನು ಕಂಡ ಕಥೆಯ ತಾಸುಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನನಗೆ ಅಲ್ಲಿ ನಿಲ್ಲಲಾಗದೆ ಕೆಳಗೆ ಬಂದೆ.

ಮಕ್ಕಳೆಲ್ಲ ಹೋದಮೇಲೆ ಅವಳು ನನ್ನ ಕೋಣೆಗೆ ಬಂದಳು. ಕೈಯಲ್ಲಿ ಪುಸ್ತಕ.

"ಇದನ್ನ ಆ ರಾಶಿಗೆ ಇಟ್ಟೋರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಂಟಿನ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡತೊಡಗಿದೆ.

"ನೀವು ನೋಡಿದ್ರಿ ಅವತ್ತೇ. 'ಹ್ಞೂಂ' ಅಂದ್ರಿ."

"ಅಂದೆ."

"ಯಾಕೆ ಭಾವ? ನನ್ನನ್ನ ಉಳಿಸೋಕಾ?"

ಆಗ ನನ್ನ ನಾಲಗೆ ಬಿಚ್ಚಿಕೊಂಡಿತು. "ಇದರಲ್ಲಿ ಮುಳುಗಿಹೋಗೋದು ಏನಿದೆ? ಇನ್ಮೇಲೆ ಪ್ರತಿ ಪೆಟ್ಟಿಗೇನೂ ನಾನು ನಿನ್ನ ಜೊತೆ ಕೂತು ನೋಡ್ತೀನಿ. ತೆಳು ಬಣ್ಣ ಇರೋ ಪುಟ ಬಂದ್ರೆ ನಾನು ಹೇಳ್ತೀನಿ, ನೀನು ಸಹಿ ಹಾಕು. ಈ ಕೋಣೆಯಿಂದ ಒಂದು ಮಾತೂ ಹೊರಗೆ ಹೋಗಲ್ಲ. ನಿನಗಿಂತ ಚೆನ್ನಾಗಿ ಆಯೋರು ಈ ಊರಲ್ಲಿ ಯಾರಿದಾರೆ?"

ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಆ ಹಿರಿಯರನ್ನ ಪತ್ರಿಕೆ ಕೋಣೆಗೆ ಹಾಕಿದ ದಿನ ಅವರು ನನ್ನ ಹತ್ರ ಬಂದು ಏನಂದ್ರು ಗೊತ್ತಾ? 'ನಿಂಗೂ ವಯಸ್ಸಾಗುತ್ತೆ ಮಗಳೇ' ಅಂದ್ರು. 'ಆಗ ನಾನೇ ಎದ್ದು ಹೋಗ್ತೀನಿ' ಅಂದೆ. ಎಷ್ಟು ಜೋರಾಗಿ ಅಂದಿದ್ದೆ ಅಂತೀರಾ. ಅವತ್ತು ಮೂವತ್ತೈದು ನಂಗೆ."

"ಅವರು ಸೋಮಾರಿ. ನೀನು ಹಾಗಲ್ಲ."

"ಚೀಟಿಗೆ ಅದು ಗೊತ್ತಾಗಲ್ಲ ಭಾವ. ಅದರಲ್ಲಿ ಇರೋದು 'ನೋಡಿದ್ದೇನೆ' ಅಂತ ಅಷ್ಟೇ."

ನನ್ನ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ನಿಂತುಕೊಂಡೇ ಚೀಟಿ ಬರೆದಳು. ಶಾಯಿ ಆರಲಿ ಎಂದು ಊದಿದಳು, ಪುಸ್ತಕದೊಳಗೆ ಇಟ್ಟಳು. ಅವಳು ಅತ್ತ ತಿರುಗಿದ ಮೇಲೆ ತೆಗೆದು ಓದಿದೆ: "ನಾನು ನೋಡಿಲ್ಲ, ನನ್ನ ಕಣ್ಣಿಗೆ ಕಾಣಲಿಲ್ಲ. ಮಕ್ಕಳು ನೋಡಿದ್ದಾರೆ. ತೆಗೆದುಕೊಳ್ಳಬಹುದು." ಕೆಳಗೆ ಸಹಿ, ಯಾವತ್ತಿನ ಹಾಗೆ ಸ್ಪಷ್ಟವಾಗಿ. ನನಗೆ ಅಳು ಬಂತು. ಬಂದದ್ದನ್ನು ಬಂತು ಎನ್ನಬೇಕು.

ಹನ್ನೆರಡು ಪುಸ್ತಕದ ಪಟ್ಟಿ ಹತ್ತನೆಯ ದಿನ ಹೋಯಿತು. ಚೀಟಿಯನ್ನು ಮುಖ್ಯಸ್ಥರು ಓದಿದರು, ಅವಳನ್ನು ಕರೆಸಿದರು, ಬಾಗಿಲು ಹಾಕಿ ಮಾತಾಡಿದರು. ಒಳ್ಳೆಯ ಮಾತೇ ಆಡಿದರಂತೆ. ತಿಂಗಳೊಪ್ಪತ್ತಿನಲ್ಲಿ ಬೇರೆ ಲೈಬ್ರರಿಯಿಂದ ಚುರುಕಾದ ಒಬ್ಬ ಹುಡುಗಿ ಆಯ್ಕೆಯ ಕುರ್ಚಿಗೆ ಬಂದಳು. ಪೆಟ್ಟಿಗೆ ಬಿಚ್ಚುತ್ತಾಳೆ, ಪುಸ್ತಕ ನೋಡುತ್ತಾಳೆ, ಖಾಲಿ ಕುರ್ಚಿಗಳಿಗೆ ಓದುವುದಿಲ್ಲ. ನಾನು ಅವಳ ಬಗ್ಗೆ ಏನೇನೋ ಅಂದುಕೊಂಡಿದ್ದೆ. ಒಂದು ತಪ್ಪೂ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ. ನಾದಿನಿಗೆ ಶನಿವಾರದ ಕಥೆ ಉಳಿಯಿತು, ಉಳಿದ ದಿನ ಪುಸ್ತಕ ಕೊಡುವ ತೆಗೆದುಕೊಳ್ಳುವ ಮೇಜು. ಮೊದಲ ಕೆಲವು ವಾರ ಮನೆಯಲ್ಲಿ ಮಾತು ಕಡಿಮೆಯಿತ್ತು. ಪೇಪರಿನ ಸುದ್ದಿಯ ಕೊನೆ ನನಗೆ ನಾನೇ ಓದಿಕೊಳ್ಳುವ ಸ್ಥಿತಿ ಬಂತು, ಅದು ನನಗೆ ಹಿಡಿಸಲಿಲ್ಲ.

ಆಟಗಳು ಮುಗಿದವು. ಗೆದ್ದವರು ಗೆದ್ದರು, ಊರು ಮರೆಯಿತು. ಹನ್ನೆರಡರಲ್ಲಿ ಹೆಚ್ಚಿನವು ಕಪಾಟಿನಲ್ಲಿ ಮರ್ಯಾದೆಯಿಂದ ನಿಂತಿದ್ದವು. ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾದಿನಿ ಹರಿದ ಪುಸ್ತಕಗಳ ಬುಟ್ಟಿ ಹೊತ್ತುಕೊಂಡು ಬಂದಳು. ಮೇಲ್ಗಡೆಯೇ ಅಜ್ಜಿಯ ಪುಸ್ತಕವಿತ್ತು. ಬೆನ್ನು ಬಿಟ್ಟುಕೊಂಡಿತ್ತು, ಹೊಲಿಗೆ ಸಡಿಲಾಗಿತ್ತು, ಆ ಜೋಡಿ ಪುಟ ನಡುವೆ ಒಂದು ಗೇಣು ಹರಿದಿತ್ತು.

"ಬಂತು ನೋಡಿ ನಿಮ್ಮ ಮೇಜಿಗೆ" ಎಂದಳು.

ಪುಟ ಬಿಡಿಸಿದೆ. ನೂರಾರು ಬೆರಳು ತಲೆ ಇದು, ಕೈ ಇದು, ಜಾಡಿ ಇದು ಎಂದು ತೋರಿಸಿ ತೋರಿಸಿ, ಆ ಬಿಳಿಯ ಮೇಲೆ ಕೊಳೆ ಕೂತಿತ್ತು. ಗೆರೆಯಿದ್ದ ಕಡೆಯಲ್ಲೆಲ್ಲ ಬೆರಳು ಓಡಾಡಿತ್ತು. ಇಂಥದ್ದು ಬಂದರೆ ನಾನು ಮೊದಲು ಮಾಡುವ ಕೆಲಸ ಒಂದೇ, ಮೆತ್ತನೆಯ ರಬ್ಬರಿನಿಂದ ಉಜ್ಜಿ ಪುಟ ಬೆಳ್ಳಗೆ ಮಾಡುವುದು. ಅಭ್ಯಾಸಬಲದಿಂದ ಕೈ ರಬ್ಬರಿಗೆ ಹೋಯಿತು.

ನಾದಿನಿ ನನ್ನ ಮಣಿಕಟ್ಟು ಹಿಡಿದಳು. ಮೇಜಿನ ಆ ಕಡೆಯಿಂದ, ತಲೆಕೆಳಗಾಗಿ, ಆ ಪುಟದ ಮೇಲೆ ಬಗ್ಗಿದಳು. ಹಾಗೇ ತುಂಬ ಹೊತ್ತು ಇದ್ದಳು.

"ಉಜ್ಜಬೇಡಿ ಭಾವ" ಎಂದಳು. "ಈಗ ಕಾಣಿಸ್ತಾಳೆ."

ನಾನು ರಬ್ಬರನ್ನು ಡ್ರಾಯರಿಗೆ ಹಾಕಿ, ಹರಿದದ್ದಕ್ಕೆ ತೆಳು ಕಾಗದ ಅಂಟಿಸಿ, ಬೆನ್ನು ಮಾತ್ರ ಹೊಲಿದು ಕೊಟ್ಟೆ.